ಮೊಗಲಾಯಿಯಲ್ಲಿ ಒಬ್ಬ ಇಂಗ್ಲಿಷ್ ಸಂಪಾದಕ

1921ರ ಜುಲೈ 1ರಂದು ಧಾರವಾಡದ ಜಕಣಿ ಬಾವಿಯ ಬಳಿ ಹೆಂಡದಂಗಡಿಯ ಮುಂದೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು, ಮೂವರೂ ತುರ್ಕಿಯ ಖಲೀಫನ ಪರ ನಡೆದಿದ್ದ ಖಿಲಾಫತ್ ಚಳವಳಿಯ ಸ್ವಯಂಸೇವಕರು. ಕರ್ನಾಟಕದ ಸ್ವಾತಂತ್ರ್ಯ ಚಳವಳಿಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಈ ಗೋಲಿಬಾರನ್ನು ಅರ್ಧ ಪುಟದಲ್ಲಿ ಮುಗಿಸಿ ಮುಂದಕ್ಕೆ ಹೋಗುತ್ತಾರೆ. ಆದರೆ ಅದು ಅಲ್ಲಿಗೆ ಮುಗಿಯಲಿಲ್ಲ. ಮುಂಬೈಯ ‘ಬಾಂಬೆ ಕ್ರಾನಿಕಲ್’ ಪತ್ರಿಕೆ ಧಾರವಾಡದ ಅಧಿಕಾರಿಗಳ ನಡವಳಿಕೆಯನ್ನು ಟೀಕಿಸಿ ಬರೆಯಿತು. ಮಾನನಷ್ಟದ ದಾವೆ ಬಿತ್ತು. ಮೂರು ವರ್ಷದ ಮೇಲೆ, 1924ರಲ್ಲಿ, ಪತ್ರಿಕೆ ಸೋತು ಭಾರಿ ಮೊತ್ತ ತೆರಬೇಕಾಯಿತು. ಅದರೊಂದಿಗೆ ಸಂಪಾದಕರೂ ಕುರ್ಚಿ ಬಿಟ್ಟರು. ಆ ಸಂಪಾದಕ ಸಫೋಕ್ ಸೀಮೆಯ ಒಬ್ಬ ಆಂಗ್ಲಿಕನ್ ಪಾದ್ರಿಯ ಮಗ. ವಿನ್‌ಸ್ಟನ್ ಚರ್ಚಿಲ್ ಓದಿದ ಹ್ಯಾರೋ ಶಾಲೆಯಲ್ಲಿ, ಅದೇ ಕಾಲದಲ್ಲಿ ಓದಿದವರು. ಹೆಸರು ಮಾರ್ಮಡ್ಯೂಕ್ ಪಿಕ್‌ಥಾಲ್. 1925ರ ಆರಂಭದಲ್ಲಿ ಅವರು ಹೈದರಾಬಾದಿಗೆ ಬಂದು ನಿಜಾಮರ ಸರ್ಕಾರದ ನೌಕರಿ ಹಿಡಿದರು, ಹತ್ತು ವರ್ಷ ಅಲ್ಲೇ ಇದ್ದರು. ಧಾರವಾಡದವರು ತಮ್ಮ ಪೂರ್ವಕ್ಕಿದ್ದ ಆ ಸಂಸ್ಥಾನವನ್ನು ಮೊಗಲಾಯಿ ಎನ್ನುತ್ತಿದ್ದರು. ಬ್ರಿಟಿಷ್ ಹಿಂದೂಸ್ತಾನದ ಕನ್ನಡಿಗರ ಸಾವಿನ ಬಗ್ಗೆ ಬರೆಸಿ ಕೆಲಸ ಕಳೆದುಕೊಂಡ ಸಂಪಾದಕ, ಕಲಬುರಗಿ, ರಾಯಚೂರು, ಬೀದರಿನ ಲಕ್ಷಾಂತರ ಕನ್ನಡಿಗರು ಪ್ರಜೆಗಳಾಗಿದ್ದ ಸಂಸ್ಥಾನಕ್ಕೆ ಬಂದ ಮೇಲೆ ಏನು ಬರೆದರು, ಏನು ಬರೆಯಲಿಲ್ಲ ಎಂಬುದು ನೋಡತಕ್ಕ ಸಂಗತಿ.

ಪಿಕ್‌ಥಾಲ್ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ. ಭಕ್ತಿಯಿಂದ ಬರೆಯುವವರ ಪ್ರಕಾರ ಮುಂಬೈಯ ಪತ್ರಿಕೋದ್ಯಮ ಅವರ ಬದುಕಿನ ಒಂದು ಗದ್ದಲದ ಅಧ್ಯಾಯ. ಹೈದರಾಬಾದಿನಲ್ಲಿ ನೆಮ್ಮದಿ ಸಿಕ್ಕಿತು, ಕುರಾನಿನ ಇಂಗ್ಲಿಷ್ ಅನುವಾದದಂಥ ದೊಡ್ಡ ಕೆಲಸ ಆಯಿತು. ರಾಷ್ಟ್ರೀಯ ಚಳವಳಿಯ ಕಡೆಯಿಂದ ನೋಡುವವರು, ಬೆಂಕಿಯಂತಿದ್ದ ಸಂಪಾದಕ ದರ್ಬಾರಿನ ಸಂಬಳಕ್ಕೆ ತಣ್ಣಗಾದರು ಎನ್ನುತ್ತಾರೆ. ಇಬ್ಬರೂ ಒಂದು ವಿಷಯದಲ್ಲಿ ಒಪ್ಪುತ್ತಾರೆ: ಹೈದರಾಬಾದಿಗೆ ಬಂದ ದಿನ ಪತ್ರಕರ್ತ ಪಿಕ್‌ಥಾಲ್ ಕೆಲಸ ಮುಗಿಯಿತು ಎಂದು. ನನಗೆ ಹಾಗೆ ಕಾಣುವುದಿಲ್ಲ. ಅವರು ಕೊನೆಯವರೆಗೂ ಸಂಪಾದಕರಾಗಿಯೇ ಇದ್ದರು, ಅದೂ ಬಹಳ ಒಳ್ಳೆಯ ಸಂಪಾದಕರಾಗಿ. ಬದಲಾದದ್ದು ಅವರ ಮನೋಧರ್ಮವಲ್ಲ, ಆಶ್ರಯದಾತ. ಮುಂಬೈಯಲ್ಲಿ ಒಡೆಯರು ಒಂದು ಡೈರೆಕ್ಟರ್ ಮಂಡಳಿ, ಎದುರಾಳಿ ಬ್ರಿಟಿಷ್ ಸರ್ಕಾರ. ಹೈದರಾಬಾದಿನಲ್ಲಿ ಒಡೆಯನೂ ಸರ್ಕಾರವೂ ಒಂದೇ. ಆ ಒಡೆಯ ಹತ್ತನೆಯ ಶತಮಾನದ ಬಗ್ದಾದಿನ ಬಗ್ಗೆ ಎಷ್ಟು ಬೇಕಾದರೂ ಧಾರಾಳವಾಗಿ ಬರೆಯಲು ಬಿಡುತ್ತಿದ್ದ. ಇಪ್ಪತ್ತನೆಯ ಶತಮಾನದ ಕಲಬುರಗಿಯ ಬಗ್ಗೆ ಬಿಡುತ್ತಿರಲಿಲ್ಲ. ಪಿಕ್‌ಥಾಲ್ ಆ ಗಡಿಯೊಳಗೆ ಅದ್ಭುತವಾಗಿ ದುಡಿದರು. ಗಡಿಯನ್ನು ಮಾತ್ರ ಪ್ರಶ್ನಿಸಲಿಲ್ಲ.

ಮೊದಲು ಆ ಮನುಷ್ಯ ಎಂಥ ಪತ್ರಕರ್ತ ಎಂದು ತಿಳಿಯಬೇಕು. 1875ರಲ್ಲಿ ಹುಟ್ಟಿದ ಪಿಕ್‌ಥಾಲ್ ರಾಯಭಾರಿ ಕಚೇರಿಯ ಕೆಲಸಕ್ಕೆ ಸೇರಬೇಕೆಂದಿದ್ದರು, ಪರೀಕ್ಷೆಯಲ್ಲಿ ಆಯ್ಕೆಯಾಗಲಿಲ್ಲ. ಹದಿಹರೆಯ ದಾಟುವ ಹೊತ್ತಿಗೆ ಈಜಿಪ್ಟ್, ಪ್ಯಾಲೆಸ್ಟೈನ್, ಸಿರಿಯಾಗಳಲ್ಲಿ ತಿರುಗಾಡಿ ಅರಬ್ಬಿ ಕಲಿತರು. 1903ರಲ್ಲಿ ಬಂದ ‘ಸಯೀದ್ ದ ಫಿಷರ್‌ಮನ್’ ಕಾದಂಬರಿ ಹೆಸರು ತಂದಿತು, ಇ. ಎಂ. ಫಾರ್ಸ್ಟರ್‌ರಂಥವರು ಅವರನ್ನು ಮೆಚ್ಚಿ ಬರೆದರು. ಆದರೆ ಅವರನ್ನು ಪತ್ರಿಕೆಗೆ ಎಳೆದದ್ದು ತುರ್ಕಿ. 1913ರಲ್ಲಿ ಅಲ್ಲಿ ಕೆಲವು ತಿಂಗಳಿದ್ದು ಬಂದವರು, ಬಾಲ್ಕನ್ ಯುದ್ಧಗಳ ವಿಷಯದಲ್ಲಿ ಇಂಗ್ಲಿಷ್ ಪತ್ರಿಕೆಗಳು ತೋರಿದ ಒಂದು ಕಣ್ಣಿನ ನ್ಯಾಯವನ್ನು ಕಂಡು ಕೆರಳಿ ‘ದ ನ್ಯೂ ಏಜ್’ ವಾರಪತ್ರಿಕೆಯಲ್ಲಿ ಲೇಖನದ ಮೇಲೆ ಲೇಖನ ಬರೆದರು. ಮಹಾಯುದ್ಧ ಶುರುವಾಗಿ ತುರ್ಕಿ ಶತ್ರು ದೇಶವಾದ ಮೇಲೂ ನಿಲ್ಲಿಸಲಿಲ್ಲ. 1917ರ ನವೆಂಬರಿನಲ್ಲಿ ಲಂಡನ್ನಿನ ಒಂದು ಸಭೆಯಲ್ಲಿ ತಾನು ಮುಸಲ್ಮಾನ ಎಂದು ಬಹಿರಂಗವಾಗಿ ಹೇಳಿದರು. ತನ್ನ ದೇಶ ಯುದ್ಧ ಹೂಡಿದ ಸುಲ್ತಾನನ ಧರ್ಮವನ್ನು ಯುದ್ಧದ ನಡುವೆಯೇ ಅಪ್ಪುವುದು ಲಂಡನ್ನಿನಲ್ಲಿ ಬರೆದು ಬದುಕುವವನಿಗೆ ಹೊಟ್ಟೆಯ ಮೇಲೆ ತಾನೇ ಹೊಡೆದುಕೊಂಡ ಹಾಗೆ. ಅನುಕೂಲ ನೋಡಿ ಅಭಿಪ್ರಾಯ ಬದಲಿಸುವ ಆಸಾಮಿ ಹೀಗೆ ಮಾಡುವುದಿಲ್ಲ. ಮುಂದೆ ಹೈದರಾಬಾದಿನ ಸಂಬಳದ ಮಾತು ಬಂದಾಗ ಇದನ್ನು ಮರೆಯಬಾರದು.

‘ಬಾಂಬೆ ಕ್ರಾನಿಕಲ್’ 1913ರಲ್ಲಿ ಫಿರೋಜ್‌ಷಾ ಮೆಹ್ತಾ ಹುಟ್ಟುಹಾಕಿದ ಪತ್ರಿಕೆ. ಅದರ ಮೊದಲ ಸಂಪಾದಕ ಬಿ. ಜಿ. ಹಾರ್ನಿಮನ್ ಕೂಡ ಇಂಗ್ಲಿಷಿನವರೇ. 1919ರ ಏಪ್ರಿಲಿನಲ್ಲಿ ಸರ್ಕಾರ ಅವರನ್ನು ಹಡಗು ಹತ್ತಿಸಿ ದೇಶದಾಚೆ ಕಳಿಸಿತು. ಆ ಜಾಗಕ್ಕೆ ಪಿಕ್‌ಥಾಲ್ ಬಂದದ್ದು 1920ರ ಸೆಪ್ಟೆಂಬರಿನಲ್ಲಿ, ಅಸಹಕಾರ ಚಳವಳಿ ಕಾವೇರುತ್ತಿದ್ದಾಗ. ಖಿಲಾಫತ್ ಮತ್ತು ಕಾಂಗ್ರೆಸ್ ಒಂದೇ ವೇದಿಕೆಯಲ್ಲಿದ್ದ ಆ ಎರಡು ಮೂರು ವರ್ಷಗಳಿಗೆ ಅವರಷ್ಟು ತಕ್ಕ ಸಂಪಾದಕ ಸಿಗುವುದು ಕಷ್ಟವಿತ್ತು. ಇಸ್ಲಾಮಿನ ಪರ ಮಾತಾಡುವ ಇಂಗ್ಲಿಷ್ ಮನುಷ್ಯ, ಅದೇ ಹೊತ್ತಿಗೆ ಗಾಂಧೀಜಿಯ ಅಹಿಂಸೆಯನ್ನು ಒಪ್ಪಿದವರು. ಧಾರವಾಡದಲ್ಲಿ ಸತ್ತವರು ಖಿಲಾಫತ್ತಿನವರು, ನಡೆಯುತ್ತಿದ್ದುದು ಗಾಂಧೀಜಿ ಹೇಳಿದ ಪಾನನಿರೋಧದ ಕೆಲಸ, ಬಂದೂಕು ಸರ್ಕಾರದ್ದು. ಆ ಪತ್ರಿಕೆಯ ಎಲ್ಲ ಕಾಳಜಿಗಳೂ ಒಂದು ಬೀದಿಯಲ್ಲಿ ಕೂಡಿದ ಸುದ್ದಿ ಅದು. ಬರೆಯದೆ ಇರುವುದು ಸಾಧ್ಯವೇ ಇರಲಿಲ್ಲ. ದಾವೆ ಸೋತ ಮೇಲೆ ಪಿಕ್‌ಥಾಲ್ ಹೊರಬಿದ್ದರು. ಸಯ್ಯದ್ ಅಬ್ದುಲ್ಲಾ ಬ್ರೆಲ್ವಿ ಸಂಪಾದಕರಾದರು. ಆ ವೇಳೆಗೆ ಅಸಹಕಾರ ಚಳವಳಿ ನಿಂತಿತ್ತು, 1924ರ ಮಾರ್ಚಿನಲ್ಲಿ ತುರ್ಕಿಯವರೇ ಖಲೀಫ ಪದವಿಯನ್ನು ರದ್ದುಮಾಡಿ ಖಿಲಾಫತ್ತಿನವರ ಕಾಲಕೆಳಗಿನ ನೆಲ ಕಿತ್ತಿದ್ದರು. ಐವತ್ತರ ಹತ್ತಿರ ಬಂದ, ಕೈಯಲ್ಲಿ ಕಾಸಿಲ್ಲದ ಬರಹಗಾರನಿಗೆ ಲಂಡನ್ನಿನಲ್ಲಿ ಬಾಗಿಲು ಮುಚ್ಚಿತ್ತು, ಮುಂಬೈಯಲ್ಲೂ ಮುಚ್ಚಿತು.

ತೆರೆದದ್ದು ಹೈದರಾಬಾದ್. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಸಂಸ್ಥಾನದಲ್ಲಿ ಆಗ ಹಣಕಾಸು ನೋಡಿಕೊಳ್ಳುತ್ತಿದ್ದವರು ಅಕ್ಬರ್ ಹೈದರಿ, ವಿದ್ಯಾ ಇಲಾಖೆ ರಾಸ್ ಮಸೂದರ ಕೈಯಲ್ಲಿತ್ತು. 1918ರ ಫರ್ಮಾನಿನಿಂದ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿ ಪಾಠ ಹೇಳತೊಡಗಿತ್ತು. ಪಿಕ್‌ಥಾಲ್‌ಗೆ ಸಿಕ್ಕ ಕೆಲಸ ಚಾದರಘಾಟ್ ಹೈಸ್ಕೂಲಿನ ಹೆಡ್‌ಮಾಸ್ಟರಿಕೆ. ಬ್ರಿಟಿಷರನ್ನು ಬೈದು ಕೆಲಸ ಕಳೆದುಕೊಂಡ ಇಂಗ್ಲಿಷಿನವನಿಗೆ, ಬ್ರಿಟಿಷರ ‘ನಂಬುಗೆಯ ಮಿತ್ರ’ ಎಂಬ ಬಿರುದು ಹೊತ್ತ ಅರಸ ಅನ್ನ ಹಾಕಿದ್ದು ವಿಚಿತ್ರವಾಗಿ ಕಾಣಬಹುದು. ನಿಜಾಮರ ಆಗಿನ ನಡೆ ನೋಡಿದರೆ ಅಷ್ಟೇನೂ ವಿಚಿತ್ರವಲ್ಲ. ಗಡೀಪಾರಾದ ಕೊನೆಯ ಖಲೀಫ ಅಬ್ದುಲ್ ಮಜೀದರಿಗೆ ಅವರು ತಿಂಗಳಿಗೆ 300 ಪೌಂಡ್ ಕಳಿಸುತ್ತಿದ್ದರು. 1931ರ ನವೆಂಬರಿನಲ್ಲಿ ಆ ಖಲೀಫನ ಮಗಳು ದುರ್ರುಶೆಹ್ವಾರ್ ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ನಿಜಾಮರ ಹಿರಿಯ ಮಗನ ಕೈಹಿಡಿದರು. ಇತ್ತ ಬೇರಾರ್ ಪ್ರಾಂತ ವಾಪಸು ಕೊಡಿ ಎಂದು ಕೇಳಿದಾಗ 1926ರಲ್ಲಿ ವೈಸ್‌ರಾಯ್ ಲಾರ್ಡ್ ರೀಡಿಂಗ್ ಕಾಗದ ಬರೆದು, ಸಾರ್ವಭೌಮತ್ವ ಬ್ರಿಟಿಷರದು, ಸರಿಸಮ ಎಂದು ಭಾವಿಸಬೇಡಿ ಎಂಬ ಅರ್ಥದಲ್ಲಿ ಮುಖಭಂಗ ಮಾಡಿದ್ದ. ಬ್ರಿಟಿಷರ ಎದುರು ರಾಜಕೀಯವಾಗಿ ತಲೆಯೆತ್ತಲಾಗದ ಅರಸನಿಗೆ ಮುಸ್ಲಿಂ ಜಗತ್ತಿನ ವಿದ್ಯಾಪೋಷಕ ಎಂಬ ಹೆಸರು ಬೇಕಿತ್ತು. ಆ ಹೆಸರನ್ನು ಇಂಗ್ಲಿಷ್ ಓದುವ ಲೋಕಕ್ಕೆ ತಲುಪಿಸಬಲ್ಲ ಪತ್ರಕರ್ತ ಬೇಕಿತ್ತು.

1927ರ ಜನವರಿಯಲ್ಲಿ ‘ಇಸ್ಲಾಮಿಕ್ ಕಲ್ಚರ್’ ತ್ರೈಮಾಸಿಕ ಹೊರಟದ್ದು ಹೀಗೆ. ಸಂಪಾದಕ ಪಿಕ್‌ಥಾಲ್. ಇದು ನಿಜಾಮರ ಜಾಹೀರಾತು ಪತ್ರಿಕೆ ಎಂದು ತಳ್ಳಿಹಾಕುವುದು ಸುಲಭ, ಆದರೆ ಸಂಚಿಕೆಗಳು ಅದಕ್ಕೆ ಒಪ್ಪುವುದಿಲ್ಲ. ಜಾಹೀರಾತು ಪತ್ರಿಕೆ ಡಿ. ಎಸ್. ಮಾರ್ಗೋಲಿಯತ್‌ಗೆ ಜಾಗ ಕೊಡುತ್ತಿರಲಿಲ್ಲ. ಆಕ್ಸ್‌ಫರ್ಡಿನ ಅರಬ್ಬಿ ಪ್ರೊಫೆಸರ್ ಆಗಿದ್ದ ಮಾರ್ಗೋಲಿಯತ್ 1905ರಲ್ಲಿ ಬರೆದ ಪ್ರವಾದಿಯ ಜೀವನಚರಿತ್ರೆ ಮುಸ್ಲಿಂ ಓದುಗರನ್ನು ಬಹಳ ನೋಯಿಸಿತ್ತು. ಅಂಥವರ ಅನುವಾದಗಳನ್ನು ಪಿಕ್‌ಥಾಲ್ ಕಂತು ಕಂತಾಗಿ ಅಚ್ಚುಮಾಡಿದರು. ಅದರಲ್ಲಿ ಒಂದು, ಹತ್ತನೆಯ ಶತಮಾನದ ಇರಾಕಿನ ನ್ಯಾಯಾಧೀಶ ಅಲ್ ತನೂಖಿಯ ಪುಸ್ತಕ. ಸಭೆಗಳಲ್ಲಿ ಕಿವಿಗೆ ಬಿದ್ದ ಕಥೆಗಳನ್ನು, ಆವರೆಗೆ ಯಾವ ಗ್ರಂಥದಲ್ಲೂ ಬರೆದಿಟ್ಟಿರದವನ್ನೇ ಆರಿಸಿ ಕೂಡಿಸುತ್ತೇನೆ ಎಂದು ಹೊರಟವನು ಈ ತನೂಖಿ. ವಜೀರರ ಹಣದ ವ್ಯವಹಾರ, ಕಾರಕೂನರ ಚಾಲಾಕಿತನ, ಕಳ್ಳರ ಯುಕ್ತಿ, ಖಾಜಿಗಳ ಪೇಚು, ಬಗ್ದಾದಿನ ಮಂದಿಯ ಆಡುಮಾತು ಎಲ್ಲ ಅದರಲ್ಲಿ ಬರುತ್ತವೆ. ಇಸ್ಲಾಮಿನ ವೈಭವವನ್ನು ಸಾರುವುದಷ್ಟೇ ಉದ್ದೇಶವಾಗಿದ್ದರೆ ಈ ಪುಸ್ತಕಕ್ಕಿಂತ ಕೆಟ್ಟ ಆಯ್ಕೆ ಇರಲಾರದು. ಓದುಗನನ್ನು ಹಿಡಿದು ಕೂರಿಸಬೇಕೆಂಬ ಸಂಪಾದಕನಿಗೆ ಇದಕ್ಕಿಂತ ಒಳ್ಳೆಯದು ಸಿಗದು. ಆಡಮ್ ಮೆಟ್ಸ್ ಎಂಬ ವಿದ್ವಾಂಸ ಜರ್ಮನ್ ಭಾಷೆಯಲ್ಲಿ ಬರೆದ ಹತ್ತನೆಯ ಶತಮಾನದ ಇಸ್ಲಾಮಿನ ಸಾಮಾಜಿಕ ಚರಿತ್ರೆಯನ್ನು ಖುದಾ ಬಖ್ಷ್ ಮತ್ತು ಮಾರ್ಗೋಲಿಯತ್ ಇಂಗ್ಲಿಷಿಗೆ ತಂದದ್ದೂ ಇದೇ ಪುಟಗಳಲ್ಲಿ. ಯುರೋಪಿನ ಯೆಹೂದಿ ಮತ್ತು ಕ್ರೈಸ್ತ ವಿದ್ವಾಂಸರು, ಹಿಂದೂಸ್ತಾನದ ಮುಸ್ಲಿಂ ಪಂಡಿತರು ಒಂದೇ ಸಂಚಿಕೆಯಲ್ಲಿ ಅಕ್ಕಪಕ್ಕ ಕೂತರು. ಮದ್ರಾಸೋ ಕಲ್ಕತ್ತೆಯೋ ಅಲ್ಲದ, ದಖ್ಖನಿನ ಒಂದು ಸಂಸ್ಥಾನದ ರಾಜಧಾನಿಯಿಂದ ಇಂಥ ಪತ್ರಿಕೆ ಹೊರಡುವುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಅವರು ಸ್ವಂತಕ್ಕೆ ಆಡಿದ ಮಾತೂ ದರ್ಬಾರಿಗೆ ಹಿತವಾಗುವಂಥದ್ದೇ ಆಗಿರಲಿಲ್ಲ. ಮದ್ರಾಸಿನಲ್ಲಿ ಇಸ್ಲಾಮಿನ ಸಂಸ್ಕೃತಿಯ ಬಗ್ಗೆ ಕೊಟ್ಟ ಉಪನ್ಯಾಸಗಳಲ್ಲಿ ಅವರು ಮುಸ್ಲಿಂ ಸಮಾಜಗಳ ಇಳಿಗಾಲಕ್ಕೆ ಪರಕೀಯರನ್ನಷ್ಟೇ ದೂರಲಿಲ್ಲ. ಹೊಸ ವಿದ್ಯೆಗೆ ಬೆನ್ನು ತಿರುಗಿಸಿದ ಉಲೇಮಾಗಳನ್ನೂ ಹೊಣೆ ಮಾಡಿದರು. ಹೆಂಗಸರನ್ನು ನಾಲ್ಕು ಗೋಡೆಯ ನಡುವೆ ಕೂಡಿಹಾಕುವ ಹಿಂದೂಸ್ತಾನದ ಪರದೆ ಇಸ್ಲಾಮಿನದಲ್ಲ ಎಂದು ಕಟುವಾಗಿ ಹೇಳಿದರು. ಪರದೆ ಅಂತಸ್ತಿನ ಗುರುತಾಗಿದ್ದ ಹೈದರಾಬಾದಿನ ಉಮರಾವರ ಮನೆಗಳಿಗೆ ಇದು ಹಿತವಾಗಿ ಕೇಳಿಸಿರಲಾರದು. ಹಾಗಾಗಿ ಸಂಬಳ ನಾಲಿಗೆ ಕಟ್ಟಿತು ಎಂಬ ವಾದವನ್ನು ಇಡಿಯಾಗಿ ಒಪ್ಪಲು ಬರುವುದಿಲ್ಲ. ಧರ್ಮದ ವಿಷಯದಲ್ಲಿ, ಸಮಾಜದ ವಿಷಯದಲ್ಲಿ ನಾಲಿಗೆ ಸಡಿಲವಾಗಿಯೇ ಇತ್ತು.

ಕುರಾನಿನ ಅನುವಾದವನ್ನೂ ನಾನು ಇದೇ ಸಂಪಾದಕನ ಕೆಲಸ ಎಂದೇ ಎಣಿಸುತ್ತೇನೆ. ನಿಜಾಮರು ಪೂರ್ತಿ ಸಂಬಳದ ಮೇಲೆ ಎರಡು ವರ್ಷ ರಜೆ ಕೊಟ್ಟರು. ಪಿಕ್‌ಥಾಲ್ ಬೇಕಿದ್ದರೆ ಬಂಗಲೆಯಲ್ಲಿ ಕೂತು ಮುಗಿಸಿ ಅಚ್ಚಿಗೆ ಕಳಿಸಬಹುದಿತ್ತು. ಅವರು ಹಸ್ತಪ್ರತಿ ಹಿಡಿದು ಕೈರೋಗೆ ಹೋದರು. ಕುರಾನನ್ನು ಬೇರೆ ಭಾಷೆಗೆ ತರಬಹುದೇ ಎಂಬ ಬಗ್ಗೆಯೇ ಅಲ್ಲಿ ಆಗ ಜಗಳ ನಡೆದಿತ್ತು. ಅಲ್ಲಿನ ಅಲ್ ಅಝರ್ ವಿದ್ಯಾಪೀಠದ ಪ್ರಭಾವಿ ಪಂಡಿತರು ಕೂಡದು ಎನ್ನುತ್ತಿದ್ದರು. ಪಿಕ್‌ಥಾಲ್ ಮುಸ್ತಫಾ ಅಲ್ ಮರಾಗಿಯಂಥ ವಿದ್ವಾಂಸರ ಬೆಂಬಲ ಹುಡುಕಿದರು, ಅರಬ್ಬಿ ಬಲ್ಲವರ ಜೊತೆ ಕೂತು ತಿದ್ದಿದರು. ಈ ಅನುವಾದವೇ ಕುರಾನ್ ಅಲ್ಲ, ಕುರಾನಿನ ಅರ್ಥವನ್ನು ಇಂಗ್ಲಿಷಿನಲ್ಲಿ ತಿಳಿಸುವ ಯತ್ನ ಎಂದು ಮುನ್ನುಡಿಯಲ್ಲಿ ಸ್ಪಷ್ಟಪಡಿಸಿದರು. ಪ್ರತಿ ಅಧ್ಯಾಯದ ಮೊದಲಿಗೆ ಅದು ಯಾವ ಸಂದರ್ಭದ್ದು ಎಂಬ ಪುಟ್ಟ ಟಿಪ್ಪಣಿ ಇಟ್ಟರು. ಮುಸ್ಲಿಂ ಚರಿತ್ರೆಯ ಗಂಧವಿಲ್ಲದ ಓದುಗನಿಗೂ ದಾರಿ ಸಿಗಬೇಕೆಂಬುದು ಅದರ ಉದ್ದೇಶ. 1930ರ ಡಿಸೆಂಬರಿನಲ್ಲಿ ಕ್ನಾಫ್ ಪ್ರಕಾಶನದಿಂದ ಪುಸ್ತಕ ಬಂತು. ಇಂಗ್ಲಿಷನ್ನೇ ತಾಯಿನುಡಿಯಾಗಿ ಉಳ್ಳ ಮುಸಲ್ಮಾನನೊಬ್ಬ ಮಾಡಿದ ಮೊದಲ ಅನುವಾದ ಅದು. ಕೆಲವರಿಗೆ ಅದರ ಬೈಬಲ್ ಶೈಲಿಯ ಇಂಗ್ಲಿಷ್ ಹಳತು ಎನಿಸುತ್ತದೆ, ಅದು ನಿಜವೂ ಹೌದು. ಹಾಗಿದ್ದೂ ಇವತ್ತಿಗೂ ಅದು ಅಂಗಡಿಗಳಲ್ಲಿ ಸಿಗುತ್ತಿದೆ.

ಇಷ್ಟೆಲ್ಲ ಒಪ್ಪಿದ ಮೇಲೆ ಕಲಬುರಗಿಯ ಪ್ರಶ್ನೆಗೆ ಬರಬೇಕು. ಆ ಸಂಸ್ಥಾನದ ಜನಸಂಖ್ಯೆಯಲ್ಲಿ ಅರ್ಧದ ಹತ್ತಿರ ತೆಲುಗರು, ಕಾಲು ಭಾಗ ಮರಾಠಿಯವರು, ನೂರಕ್ಕೆ ಸುಮಾರು 11 ಮಂದಿ ಕನ್ನಡಿಗರು; ಉರ್ದುವನ್ನು ಮನೆಮಾತಾಗಿ ಉಳ್ಳವರೂ ಹತ್ತಿರ ಹತ್ತಿರ ಅಷ್ಟೇ. ಆಡಳಿತ, ಕೋರ್ಟು, ಕಾಲೇಜು ಮಾತ್ರ ಉರ್ದುವಿನವು. ಪಿಕ್‌ಥಾಲ್ ಕೆಲಸಕ್ಕೆ ಸೇರಿ ಕೆಲ ವರ್ಷಕ್ಕೆ, 1929ರಲ್ಲಿ, ‘ಗಷ್ಟಿ ನಿಶಾನ್ 53’ ಎಂಬ ಸುತ್ತೋಲೆ ಹೊರಟು ಸರ್ಕಾರದ ಅಪ್ಪಣೆಯಿಲ್ಲದೆ ರಾಜಕೀಯ ಸಭೆ ಸೇರುವುದು ಅಪರಾಧವಾಯಿತು. ಅದಕ್ಕೂ ಮೊದಲಿನಿಂದಲೇ ಸಂಸ್ಥಾನದ ಜನ ತಮ್ಮ ರಾಜಕೀಯ ಪರಿಷತ್ತುಗಳನ್ನು ಗಡಿ ದಾಟಿ ನಡೆಸುತ್ತಿದ್ದರು: 1923ರಲ್ಲಿ ಕಾಕಿನಾಡ, ಆಮೇಲೆ ಮುಂಬೈ, ಪುಣೆ, ಅಕೋಲಾ. ಹೈದರಾಬಾದಿನ ಪ್ರಜೆ ಮನಸ್ಸಿನ ಮಾತಾಡಲು ಬ್ರಿಟಿಷ್ ಹಿಂದೂಸ್ತಾನಕ್ಕೆ ಹೋಗಬೇಕಿದ್ದ ಆ ವರ್ಷಗಳಲ್ಲೇ ಬ್ರಿಟಿಷರ ವಿರುದ್ಧ ಮಾತಾಡಿದ ಪತ್ರಕರ್ತ ಆಸರೆ ಬೇಡಿ ಹೈದರಾಬಾದಿಗೆ ಬಂದರು. ಕನ್ನಡಿಗರಿಗೆ ಸಿಕ್ಕಿದ್ದು ಸಾಹಿತ್ಯದ ಕಿರುದಾರಿ. 1928ರಲ್ಲಿ ಕಲಬುರಗಿಯಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ, 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನಗಳು ನಡೆದವು. ಸಭೆಗೆ ಅಪ್ಪಣೆ ಕೇಳಬೇಕಾದ ನಾಡಿನಲ್ಲಿ ಅವು ಬರಿಯ ಸಾಹಿತ್ಯದ ಜಾತ್ರೆಗಳಾಗಿರಲಿಲ್ಲ.

ಇಸ್ಲಾಮಿನ ಸಂಸ್ಕೃತಿಯ ತ್ರೈಮಾಸಿಕದಲ್ಲಿ ರಾಯಚೂರಿನ ರೈತನನ್ನು ಹುಡುಕುವುದು ಅನ್ಯಾಯ ಎಂದು ಯಾರಾದರೂ ಹೇಳಬಹುದು. ಪತ್ರಿಕೆಗೆ ತನ್ನದೇ ಕ್ಷೇತ್ರವಿರುತ್ತದೆ, ನಿಜ. ಆದರೆ ಇಲ್ಲಿ ಕ್ಷೇತ್ರವೇ ಕನ್ನಡ ನಾಡಿನೊಳಗೆ ಹಾದುಹೋಗುತ್ತದೆ. ಬಹಮನಿಯರ ಮೊದಲ ರಾಜಧಾನಿ ಕಲಬುರಗಿ, ಎರಡನೆಯದು ಬೀದರ್. ಬಂದೇನವಾಜರ ದರ್ಗಾಕ್ಕೆ ಹರಕೆ ಹೊತ್ತು ಬರುವವರಲ್ಲಿ ಕನ್ನಡ ಮಾತಾಡುವ ಹಿಂದೂಗಳು ಎಷ್ಟೋ ಜನ; ಮಹಮೂದ್ ಗವಾನನ ಮದರಸಾ ಬೀದರಿನ ಪೇಟೆಯ ನಡುವೆ ನಿಂತಿದೆ. ದಖ್ಖನಿನ ಇಸ್ಲಾಂ ಎಂದರೆ ಕನ್ನಡ, ತೆಲುಗು, ಮರಾಠಿಗಳ ಜೊತೆ ಅದು ನಡೆಸಿದ ಸಂಸಾರವೇ. ಮದ್ರಾಸಿನ ಆ ಉಪನ್ಯಾಸಗಳಲ್ಲಿ ಪಿಕ್‌ಥಾಲ್ ಒಂದಿಡೀ ಭಾಗವನ್ನು ಇಸ್ಲಾಮಿನ ಸಹಿಷ್ಣುತೆಗೆ ಮೀಸಲಿಟ್ಟರು. ಮುಸ್ಲಿಂ ಅರಸೊತ್ತಿಗೆಯ ಕೆಳಗೆ ಅನ್ಯಧರ್ಮದ ಪ್ರಜೆಗಳು ಹೇಗೆ ಬದುಕಿದರು ಎಂಬುದು ಅವರ ಪ್ರೀತಿಯ ವಿಷಯ. ಅದಕ್ಕೆ ಸ್ಪೇನು, ತುರ್ಕಿ, ಸಿರಿಯಾಗಳ ಉದಾಹರಣೆ ಕೊಡುತ್ತಿದ್ದರು. ಜನರಲ್ಲಿ ಬಹುಪಾಲು ಹಿಂದೂಗಳಾಗಿದ್ದು ಮುಸ್ಲಿಂ ಅರಸನಿದ್ದ ದೊಡ್ಡ ಸಂಸ್ಥಾನವೊಂದು ಕಿಟಕಿಯಾಚೆಗೇ ಇತ್ತು. ಆ ಪ್ರಶ್ನೆಯನ್ನು ಇವತ್ತಿನ ಅರ್ಥದಲ್ಲಿ, ಶಾಲೆ, ಭಾಷೆ, ಸಭೆಯ ಹಕ್ಕು ಎಂಬ ಅರ್ಥದಲ್ಲಿ, ಅಲ್ಲೇ ಕೇಳಿ ನೋಡಬಹುದಿತ್ತು.

ಕೇಳಿದ್ದರೆ ಮರುದಿನ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಹುರುಳಿದೆ. 1798ರ ಒಪ್ಪಂದದ ಕಾಲದಿಂದಲೂ ಯುರೋಪಿನವರನ್ನು ನಿಜಾಮರು ಕೆಲಸಕ್ಕಿಡಲು ಬ್ರಿಟಿಷರ ಒಪ್ಪಿಗೆ ಬೇಕಿತ್ತು. ಪಿಕ್‌ಥಾಲ್ ತಲೆಯ ಮೇಲೆ ದರ್ಬಾರು ಒಂದು, ಬ್ರಿಟಿಷರ ರೆಸಿಡೆನ್ಸಿ ಇನ್ನೊಂದು ಎಂದು ಎರಡು ಕಣ್ಣುಗಳಿದ್ದವು. ಆದರೆ ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ ಬೇರೆ ಸಂಪಾದಕರು ಏನು ಮಾಡುತ್ತಿದ್ದರು ಎಂದು ನೋಡಿದರೆ ಈ ಸಮಜಾಯಿಷಿ ಅರ್ಧಕ್ಕೆ ನಿಲ್ಲುತ್ತದೆ. 1926ರಲ್ಲಿ ಸುರವರಂ ಪ್ರತಾಪರೆಡ್ಡಿ ‘ಗೋಲ್ಕೊಂಡ ಪತ್ರಿಕಾ’ ಶುರುಮಾಡಿದರು. ಮರುವರ್ಷ ಮಂದುಮುಲ ನರಸಿಂಗರಾವ್ ಉರ್ದುವಿನಲ್ಲೇ ‘ರಯ್ಯತ್’ ಹೊರಡಿಸಿದರು; ದರ್ಬಾರಿನ ಭಾಷೆಯಲ್ಲೇ ರೈತನ ಹೆಸರು ಹೇಳುವ ಪತ್ರಿಕೆ. ಇವರಿಗೂ ಸೆನ್ಸಾರಿನ ಕಾಟವಿತ್ತು, ಇವರಿಗೆ ಅರಮನೆಯ ಸಂಬಳವಿರಲಿಲ್ಲ. ನಿಜಾಮ ಸೀಮೆಯಲ್ಲಿ ತೆಲುಗು ಕವಿಗಳೇ ಇಲ್ಲ ಎಂದು ಒಬ್ಬರು ಹೀಗಳೆದಾಗ ಪ್ರತಾಪರೆಡ್ಡಿ ಊರೂರಿನಿಂದ ಪದ್ಯ ತರಿಸಿ 1934ರಲ್ಲಿ 354 ಕವಿಗಳ ಸಂಚಿಕೆಯನ್ನು ಅಚ್ಚುಹಾಕಿಸಿದರು. ನಿಜಾಮನನ್ನು ಬೈಯುವ ಒಂದು ಸಾಲೂ ಬೇಕಾಗಲಿಲ್ಲ. ಇಲ್ಲಿ ಇಂಥ ಜನರಿದ್ದಾರೆ ಎಂದು ತೋರಿಸಿದ್ದೇ ಸಾಕಾಯಿತು. ಅಪ್ಪಣೆಯ ಗಡಿಯೊಳಗೇ ಇದ್ದು ಗಡಿಯನ್ನು ಅಷ್ಟಿಷ್ಟು ಹಿಗ್ಗಿಸುವುದು ಸಂಪಾದಕನಿಗೆ ಸಾಧ್ಯವಿತ್ತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮಾರ್ಗೋಲಿಯತ್‌ಗೆ ಪುಟ ಬಿಟ್ಟುಕೊಡುವ ಎದೆಗಾರಿಕೆ ಇದ್ದವರಿಗೆ ಈ ಯುಕ್ತಿ ಹೊಳೆಯದೆ ಇರಲಾರದು.

ಹಾಗಾದರೆ ಏಕೆ ಮಾಡಲಿಲ್ಲ? ಹೆದರಿಕೆ ಎನ್ನಲು ಅವರ ಹಿಂದಿನ ಬಾಳು ಬಿಡುವುದಿಲ್ಲ. ನನಗೆ ತೋರುವಂತೆ ಪಿಕ್‌ಥಾಲ್ ಆ ಪ್ರಜೆಗಳನ್ನು ಕಾಣಲೇ ಇಲ್ಲ. ಅವರ ಜೀವಮಾನದ ವಾದ ನಡೆದದ್ದು ಇಂಗ್ಲೆಂಡಿನ ಓದುಗನ ಜೊತೆ. ಇಸ್ಲಾಮನ್ನು ತುಚ್ಛವಾಗಿ ಕಾಣುವ ಆ ಓದುಗನಿಗೆ ಉತ್ತರ ಕೊಡುವುದೇ ‘ನ್ಯೂ ಏಜ್’ ಲೇಖನಗಳ ಕೆಲಸ, ತ್ರೈಮಾಸಿಕದ ಕೆಲಸ, ಕುರಾನಿನ ಅನುವಾದದ ಕೆಲಸ. ಧಾರವಾಡದ ಮೂವರು ಆ ವಾದದೊಳಗೆ ಬಂದರು, ಏಕೆಂದರೆ ಅವರನ್ನು ಕೊಂದದ್ದು ಇಂಗ್ಲಿಷರ ಸರ್ಕಾರ, ಸತ್ತವರು ಖಲೀಫನ ಹೆಸರು ಹೇಳಿದವರು. ತಾಲ್ಲೂಕು ಕಚೇರಿಯಲ್ಲಿ ತನಗೆ ತಿಳಿಯದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ರಾಯಚೂರಿನ ರೈತ ಆ ವಾದಕ್ಕೆ ಉಪಯೋಗಕ್ಕೆ ಬರುವವನಲ್ಲ, ಎದುರಾಳಿಯ ಕೈಗೆ ಅಸ್ತ್ರವಾಗುವವನು. ಜಗತ್ತಿನ ಕೊನೆಯ ದೊಡ್ಡ ಮುಸ್ಲಿಂ ದರ್ಬಾರುಗಳಲ್ಲಿ ಒಂದು ಎಂದು ಅವರು ನಂಬಿದ ಹೈದರಾಬಾದನ್ನು ಇಂಗ್ಲಿಷ್ ಓದುಗನ ಎದುರು ಸಣ್ಣದು ಮಾಡಲು ಅವರಿಗೆ ಮನಸ್ಸಾಗಿರಲಾರದು. ದೂರದ ಅನ್ಯಾಯ ಕಣ್ಣಿಗೆ ಕುಕ್ಕುವಷ್ಟು ಕಾಣುವುದು, ಪಕ್ಕದ್ದು ಕಾಣದೆ ಹೋಗುವುದು ಪಿಕ್‌ಥಾಲ್ ಒಬ್ಬರ ರೋಗವಲ್ಲ. ನಮ್ಮ ಮುಂಬೈ, ಮದ್ರಾಸಿನ ರಾಷ್ಟ್ರೀಯ ಪತ್ರಿಕೆಗಳೂ ದೇಶೀ ಸಂಸ್ಥಾನಗಳ ಪ್ರಜೆಗಳ ಕಷ್ಟಕ್ಕೆ ಬಹಳ ಕಾಲ ಒಳಪುಟದ ಮೂಲೆಯನ್ನೇ ಕೊಟ್ಟವು.

1935ರ ಜನವರಿಯಲ್ಲಿ ಪಿಕ್‌ಥಾಲ್ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. 1936ರ ಮೇ 19ರಂದು ಕಾರ್ನ್‌ವಾಲಿನ ಸೇಂಟ್ ಐವ್ಸ್‌ನಲ್ಲಿ ತೀರಿಕೊಂಡರು, ಬ್ರೂಕ್‌ವುಡ್‌ನ ಮುಸ್ಲಿಂ ಸ್ಮಶಾನದಲ್ಲಿ ಮಣ್ಣಾದರು. ಅವರ ತ್ರೈಮಾಸಿಕದ ಹೊಣೆಯನ್ನು ಆಮೇಲೆ ಹೊತ್ತವರು ಮುಹಮ್ಮದ್ ಅಸದ್. ಹುಟ್ಟಿನಿಂದ ಆಸ್ಟ್ರಿಯಾದ ಯೆಹೂದಿ, ಜರ್ಮನ್ ಪತ್ರಿಕೆಯೊಂದರ ಬಾತ್ಮಿದಾರರಾಗಿದ್ದು ಇಸ್ಲಾಮಿಗೆ ಬಂದವರು. ಹೈದರಾಬಾದು ಮತ್ತೆ ಆರಿಸಿಕೊಂಡದ್ದು ಒಬ್ಬ ಪತ್ರಕರ್ತನನ್ನೇ. ಅರಬ್ಬಿ ಮೂಲವನ್ನೂ ಪಿಕ್‌ಥಾಲ್‌ರ ಇಂಗ್ಲಿಷನ್ನೂ ಎದುರುಬದುರು ಇಟ್ಟ ಎರಡು ಸಂಪುಟಗಳ ಕುರಾನನ್ನು ನಿಜಾಮರ ಸರ್ಕಾರಿ ಮುದ್ರಣಾಲಯ 1938ರಲ್ಲಿ ಹೊರತಂದಿತು. ಅದೇ ವರ್ಷ ಅದೇ ಸರ್ಕಾರ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು, ಅದು ಸರಿಯಾಗಿ ಹುಟ್ಟುವ ಮೊದಲೇ, ನಿಷೇಧಿಸಿತು. ಹತ್ತು ವರ್ಷದ ಮೇಲೆ, 1948ರ ಆಗಸ್ಟಿನ ಒಂದು ರಾತ್ರಿ, ಸಂಸ್ಥಾನ ಭಾರತದ ಒಕ್ಕೂಟ ಸೇರಬೇಕೆಂದು ತನ್ನ ಉರ್ದು ದಿನಪತ್ರಿಕೆ ‘ಇಮ್ರೋಜ್’ನಲ್ಲಿ ಬರೆದ ಯುವ ಸಂಪಾದಕ ಶೋಯೆಬುಲ್ಲಾ ಖಾನರನ್ನು ಹೈದರಾಬಾದಿನ ಕಾಚಿಗುಡದಲ್ಲಿ ಅಡ್ಡಗಟ್ಟಿ ಕೊಂದರು.